ಎಳೆಯುವ ಬಲವೂ ಹೊರುವ ಬಲವೂ



ಒಕ್ಕಲುತನದ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಚಕ್ಕಡಿ ಹೇರುವ ಬಗೆಯನ್ನು ಯಾರೂ ಪಾಠ ಮಾಡಿ ಕಲಿಸಬೇಕಾಗಿಲ್ಲ. ಹೇರು ಹಿಂಭಾರವಾದರೆ ಮೂಕಿ ಮೇಲಕ್ಕೆದ್ದು ಎತ್ತುಗಳ ಕೊರಳು ಬಿಗಿಯುತ್ತದೆ. ಮುಂಭಾರವಾದರೆ ನೊಗವು ಹೆಗಲನ್ನು ಒತ್ತಿ ಹುಣ್ಣು ಮಾಡುತ್ತದೆ. ನಮ್ಮ ತಂದೆಯವರು ಚೀಲಗಳನ್ನು ಹೇರಿ ಮುಗಿಸಿದ ಬಳಿಕ ಮೂಕಿಯನ್ನು ಒಮ್ಮೆ ಕೈಯಿಂದ ಎತ್ತಿ ನೋಡುತ್ತಿದ್ದರು. ಅದು ಕೈಗೆ ಸ್ವಲ್ಪ ಭಾರವಾಗಿ ತೋರಬೇಕು, ಬಹಳ ಭಾರವಾಗಬಾರದು. ಹಾಗಿಲ್ಲದಿದ್ದರೆ ಒಂದು ಚೀಲವನ್ನು ಹಿಂದಕ್ಕೋ ಮುಂದಕ್ಕೋ ಸರಿಸಿ ಮತ್ತೆ ಎತ್ತಿ ನೋಡುವರು. ಅದಾದ ಮೇಲೆಯೇ ಎತ್ತು ಹೂಡುವುದು. ಬಾಲ್ಯದಲ್ಲಿ ಕಂಡ ಈ ಸಣ್ಣ ಸಂಗತಿಯು ಅರುವತ್ತು ವರ್ಷಗಳ ತರುವಾಯ ಅಮೆರಿಕದ ಹೆದ್ದಾರಿಯೊಂದರ ಬದಿಯಲ್ಲಿ ನನ್ನ ಸಹಾಯಕ್ಕೆ ಬಂದೀತೆಂದು ನಾನು ಎಣಿಸಿರಲಿಲ್ಲ. ಈ ತಿಂಗಳ ಅಂಕಣದಲ್ಲಿ ಆ ಅನುಭವವನ್ನೇ ನಿವೇದಿಸಿಕೊಳ್ಳುತ್ತೇನೆ. ನಮ್ಮ ಸಮಾಜದ ಅನೇಕ ಮನೆಗಳ ಮಕ್ಕಳು ಇಂದು ಆ ದೇಶದಲ್ಲಿದ್ದಾರೆ. ಅಲ್ಲಿ ಬೇಸಿಗೆಯ ರಜೆ ಬಂದರೆ ಮನೆಯಂಥ ಗಾಡಿಯನ್ನು ವಾಹನದ ಹಿಂದೆ ಕಟ್ಟಿಕೊಂಡು ಸಂಸಾರಸಮೇತ ಹೊರಡುವ ರೂಢಿಯಿದೆ. ಆದುದರಿಂದ ಈ ವಿಷಯವು ನಮಗೆ ದೂರದ್ದೆಂದು ಯಾರೂ ಭಾವಿಸಬಾರದಾಗಿ ವಿನಂತಿ.

2023ರ ಬೇಸಿಗೆಯಲ್ಲಿ ನಾನೂ ನನ್ನ ಧರ್ಮಪತ್ನಿಯೂ ಕೊಲೊರಾಡೊ ರಾಜ್ಯದ ಡೆನ್ವರ್ ನಗರದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಅಳಿಯಂದಿರು ನಮ್ಮನ್ನು ಯೂಟಾ ರಾಜ್ಯದ ಆರ್ಚಸ್ ರಾಷ್ಟ್ರೀಯ ಉದ್ಯಾನಕ್ಕೆ ಕರೆದೊಯ್ಯಬೇಕೆಂಬ ಹಂಬಲದಿಂದ ಒಂದು ಪ್ರವಾಸಿ ಟ್ರೇಲರ್ ಕೊಂಡಿದ್ದರು. ಅಡಿಗೆಮನೆ, ಮಲಗುವ ಮಂಚಗಳು, ಸ್ನಾನದ ಕೋಣೆ, ನೀರಿನ ತೊಟ್ಟಿ ಎಲ್ಲವೂ ಅದರೊಳಗುಂಟು. ಅದಕ್ಕೆ ಸ್ವಂತ ಎಂಜಿನ್ ಇಲ್ಲ; ಮುಂದಿನ ಪಿಕಪ್ ಟ್ರಕ್ ಎಳೆದೊಯ್ಯಬೇಕು. ಮಗಳು ಎರಡಕ್ಕೂ ಕುಂಕುಮ ಹಚ್ಚಿ, ಕಾಯಿ ಒಡೆದು, ಚಕ್ರಗಳಿಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದಳು. ಪರೀಕ್ಷಾರ್ಥವಾಗಿ ಮೊದಲು ಒಂದು ದಿನದ ಸಣ್ಣ ಪ್ರಯಾಣ ಮಾಡೋಣವೆಂದು ಐವರೂ ಹೊರಟೆವು.

ಡೆನ್ವರ್‌ನಿಂದ ಉತ್ತರಕ್ಕೆ ಹೋಗುವ ಹೆದ್ದಾರಿಯಲ್ಲಿ ಅರ್ಧ ಗಂಟೆ ಸುಖವಾಗಿಯೇ ಸಾಗಿದೆವು. ಅಷ್ಟರಲ್ಲಿ ದೊಡ್ಡದೊಂದು ಸರಕು ಲಾರಿ ನಮ್ಮನ್ನು ದಾಟಿ ಮುಂದೆ ಹೋಯಿತು. ಅದರ ಗಾಳಿಯ ಹೊಡೆತಕ್ಕೆ ನಮ್ಮ ಟ್ರೇಲರ್ ಮೆಲ್ಲನೆ ಎಡಕ್ಕೂ ಬಲಕ್ಕೂ ತೂಗತೊಡಗಿತು. ಎರಡನೆಯ ತೂಗಾಟ ಮೊದಲಿನದಕ್ಕಿಂತ ದೊಡ್ಡದು, ಮೂರನೆಯದು ಅದಕ್ಕಿಂತ ದೊಡ್ಡದು. ಟ್ರಕ್ಕಿನ ಹಿಂಭಾಗವನ್ನು ಯಾರೋ ಹಿಡಿದು ಅಲುಗಾಡಿಸಿದಂತಾಯಿತು. ಮಗಳು ಮೊಮ್ಮಗನನ್ನು ತಬ್ಬಿಕೊಂಡಳು. ಅಳಿಯಂದಿರು ಗಾಬರಿಗೊಂಡರೂ ಬ್ರೇಕನ್ನು ತುಳಿಯಲಿಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟಿಯರಿಂಗನ್ನು ನೇರವಾಗಿ ಹಿಡಿದು, ಟ್ರೇಲರಿನ ಬ್ರೇಕನ್ನು ಮಾತ್ರ ಹಿಡಿಯುವ ಕೈಯ ಸನ್ನೆಯನ್ನು ಮೆಲ್ಲನೆ ಒತ್ತಿದರು. ವೇಗ ಇಳಿದಂತೆ ತೂಗಾಟವೂ ನಿಂತಿತು. ರಸ್ತೆಯ ಬದಿಗೆ ನಿಲ್ಲಿಸಿದಾಗ ಯಾರ ಬಾಯಿಂದಲೂ ಮಾತು ಹೊರಡಲಿಲ್ಲ. ಅವರು ಅಂದು ಮಾಡಿದ್ದೇ ಸರಿಯಾದ ಕ್ರಮವೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ತೂಗಾಟ ಬಂದಾಗ ಟ್ರಕ್ಕಿನ ಬ್ರೇಕನ್ನು ಜೋರಾಗಿ ತುಳಿದರೆ ಹಿಂದಿನ ಗಾಡಿ ಮುಂದಿನದನ್ನು ನೂಕುತ್ತದೆ. ಸ್ಟಿಯರಿಂಗನ್ನು ಅತ್ತಿತ್ತ ತಿರುಗಿಸಿದರೆ ತೂಗಾಟ ಇಮ್ಮಡಿಸುತ್ತದೆ. ಎರಡೂ ಮಗುಚುವುದಕ್ಕೆ ದಾರಿ.

"ಮಾವನವರೇ, ಈ ಟ್ರಕ್ಕು 9,000 ಪೌಂಡು ಎಳೆಯುತ್ತದೆಂದು ಮಾರಿದವರು ಹೇಳಿದ್ದಾರೆ. ಟ್ರೇಲರ್ ಅಷ್ಟು ತೂಕವಿಲ್ಲ. ಹೀಗೇಕಾಯಿತು?" ಎಂದು ಅಳಿಯಂದಿರು ಕೇಳಿದರು.

ನಾನು ಪಾಲಿಟೆಕ್ನಿಕ್ಕಿನ ಕಾರ್ಯಾಗಾರದಲ್ಲಿ ಮೂವತ್ತು ವರ್ಷ ದುಡಿದವನು. ಆದರೂ ಆ ಕ್ಷಣಕ್ಕೆ ನೆನಪಾದದ್ದು ತಂದೆಯವರ ಚಕ್ಕಡಿಯೇ. ಟ್ರೇಲರಿನ ಹಿಂಬದಿಗೆ ಹೋಗಿ ನೋಡಿದೆ. ಸೈಕಲ್ಲುಗಳನ್ನು ಹಿಂದುಗಡೆ ಕಟ್ಟಲಾಗಿತ್ತು. ಅಕ್ಕಿ, ಹಿಟ್ಟು, ಡಬ್ಬಿಗಳೆಲ್ಲವೂ ಹಿಂದಿನ ಮಂಚದ ಕೆಳಗೆ. ನೀರಿನ ತೊಟ್ಟಿಯೂ ಹಿಂಬದಿಯಲ್ಲೇ, ಅದೂ ತುಂಬಿತ್ತು. "ಇದು ಹಿಂಭಾರದ ಹೇರು. ಮೊದಲು ತೂಕ ಹಾಕಿಸೋಣ" ಎಂದೆ.

ತೂಕದ ಕಟ್ಟೆಯ ಮೇಲೆ

ನಮ್ಮಲ್ಲಿ ಸಕ್ಕರೆ ಕಾರ್ಖಾನೆಯ ಮುಂದೆ ವೇಬ್ರಿಡ್ಜ್ ಇರುವಂತೆ ಅಲ್ಲಿಯೂ ಲಾರಿಗಳು ತಂಗುವ ಸ್ಥಳಗಳಲ್ಲಿ ತೂಕದ ಕಟ್ಟೆಗಳಿವೆ. ಅಲ್ಪ ಶುಲ್ಕಕ್ಕೆ ಮುಂದಿನ ಅಚ್ಚು, ಹಿಂದಿನ ಅಚ್ಚು, ಟ್ರೇಲರಿನ ಅಚ್ಚುಗಳು ಇವುಗಳ ತೂಕವನ್ನು ಬೇರೆ ಬೇರೆಯಾಗಿ ಬರೆದುಕೊಡುತ್ತಾರೆ. ಮೊದಲು ಎರಡೂ ಗಾಡಿ ಕೂಡಿಸಿ ತೂಗಿದೆವು. ಅನಂತರ ಟ್ರೇಲರನ್ನು ಬಿಚ್ಚಿ ಟ್ರಕ್ಕನ್ನು ಮಾತ್ರ ತೂಗಿದೆವು. ಒಟ್ಟು ತೂಕದಲ್ಲಿ ಟ್ರಕ್ಕಿನ ತೂಕ ಕಳೆದರೆ ಟ್ರೇಲರಿನ ತೂಕ ಬರುತ್ತದೆ. ಕೂಡಿಸಿದಾಗ ಟ್ರಕ್ಕಿನ ಎರಡು ಅಚ್ಚುಗಳ ಮೇಲಿದ್ದ ತೂಕದಲ್ಲಿ ಟ್ರಕ್ಕಿನ ಸ್ವಂತ ತೂಕ ಕಳೆದರೆ ಮೂಕಿಯು ಟ್ರಕ್ಕಿನ ಮೇಲೆ ಒತ್ತುವ ಭಾರ ದೊರೆಯುತ್ತದೆ. ಇದನ್ನು ನಾನು ಮೂಕಿಯ ಭಾರವೆಂದೇ ಕರೆಯುವೆ. ಇದನ್ನು ಅಳೆಯುವಾಗ ಮುಂದೆ ಹೇಳಲಿರುವ ಉಕ್ಕಿನ ದಂಡಗಳನ್ನು ಬಿಚ್ಚಿರಬೇಕು.

ನಮ್ಮ ಟ್ರೇಲರಿನ ತೂಕ 6,400 ಪೌಂಡು, ಎಂದರೆ ಸುಮಾರು 2,900 ಕಿಲೋ. ಮೂಕಿಯ ಭಾರ ಕೇವಲ 420 ಪೌಂಡು; ನೂರಕ್ಕೆ ಆರೂವರೆಯಷ್ಟು. ಇಂಥ ಟ್ರೇಲರಿಗೆ ಮೂಕಿಯ ಭಾರವು ಒಟ್ಟು ತೂಕದ ನೂರಕ್ಕೆ 10ರಿಂದ 15ರಷ್ಟು ಇರಬೇಕೆಂಬುದು ನಿಯಮ. ಹತ್ತಕ್ಕಿಂತ ಕಡಿಮೆಯಾದರೆ ಬಾಲ ಭಾರವಾಗಿ ಗಾಡಿ ತೂಗುತ್ತದೆ. ಅಂದಿನ ಗಂಡಾಂತರದ ಮೂಲ ಕೈಗೆ ಸಿಕ್ಕಿತು. ಅಳಿಯಂದಿರು ಸಮಾಧಾನದಿಂದ, "ಹಾಗಾದರೆ ಸಾಮಾನುಗಳನ್ನು ಮುಂದಕ್ಕೆ ಸರಿಸಿದರಾಯಿತು" ಎಂದರು. ಆದರೆ ತೊಡಕು ಇದ್ದುದೇ ಅಲ್ಲಿ.

ಬಾಗಿಲ ಚೌಕಟ್ಟಿನ ಚೀಟಿ

ಅಮೆರಿಕದ ಪ್ರತಿಯೊಂದು ಪಿಕಪ್ಪಿನ ಚಾಲಕನ ಬಾಗಿಲ ಚೌಕಟ್ಟಿಗೆ ಒಂದು ಚೀಟಿ ಅಂಟಿಸಿರುತ್ತಾರೆ. ಆ ವಾಹನದಲ್ಲಿ ಕುಳಿತವರೂ ಸಾಮಾನೂ ಸೇರಿ ಇಷ್ಟು ತೂಕವನ್ನು ಮೀರಕೂಡದೆಂದು ಅದರಲ್ಲಿ ಅಚ್ಚಾಗಿರುತ್ತದೆ. ಜಾಹೀರಾತಿನಲ್ಲಿ ಕಾಣುವುದು ಎಳೆಯುವ ಬಲ. ಈ ಚೀಟಿಯಲ್ಲಿರುವುದು ಹೊರುವ ಬಲ. ಮೂಕಿಯ ಭಾರವನ್ನು ಟ್ರಕ್ಕು ಎಳೆಯುವುದಿಲ್ಲ, ಬೆನ್ನ ಮೇಲೆ ಹೊರುತ್ತದೆ. ಆದುದರಿಂದ ಅದು ಈ ಚೀಟಿಯ ಲೆಕ್ಕಕ್ಕೇ ಸೇರತಕ್ಕದ್ದು. ಜಾಹೀರಾತಿನ ಅಂಕಿಯನ್ನು ನಿರ್ಣಯಿಸುವ ಎಸ್.ಎ.ಇ. ಜೆ2807 ಎಂಬ ಮಾನದಂಡವು ವಾಹನದಲ್ಲಿ ತಲಾ 150 ಪೌಂಡಿನ ಇಬ್ಬರೇ ಇರುವರೆಂದು ಹಿಡಿಯುತ್ತದೆ. ಅಜ್ಜ, ಅಜ್ಜಿ, ಮೊಮ್ಮಗ ಸೇರಿದ ಸಂಸಾರಕ್ಕೆ ಆ ಅಂಕಿ ಹೇಗೆ ಅನ್ವಯಿಸೀತು?

ನಮ್ಮ ಟ್ರಕ್ಕಿನ ಚೀಟಿಯಲ್ಲಿದ್ದುದು 1,500 ಪೌಂಡು, ಸುಮಾರು 680 ಕಿಲೋ. ಒಂದು ಕಾಗದ ತೆಗೆದುಕೊಂಡು ಲೆಕ್ಕ ಬರೆದೆವು. ಐವರ ತೂಕ 700. ಜೋಡಣೆಯ ಉಕ್ಕಿನ ಸಲಕರಣೆ 100. ಟ್ರಕ್ಕಿನ ತೊಟ್ಟಿಯಲ್ಲಿದ್ದ ಜನರೇಟರ್, ಕಟ್ಟಿಗೆ, ಮಂಜುಗಡ್ಡೆಯ ಪೆಟ್ಟಿಗೆ ಇತ್ಯಾದಿ 250. ಮೂಕಿಯ ಭಾರ 420. ಮೊತ್ತ 1,470. ಚೀಟಿಯ ಮಿತಿಯೊಳಗೇ ಇದ್ದೇವೆ, ಆದರೆ ಗಾಡಿ ತೂಗುತ್ತದೆ. ತೂಗದಂತೆ ಸಾಮಾನನ್ನು ಮುಂದಕ್ಕೆ ಸರಿಸಿ ಮೂಕಿಯ ಭಾರವನ್ನು ನೂರಕ್ಕೆ ಹನ್ನೆರಡೂವರೆಗೆ ತಂದರೆ ಅದು 800 ಪೌಂಡು ಆಗುತ್ತದೆ. ಆಗ ಮೊತ್ತ 1,850. ಮಿತಿಗಿಂತ 350 ಪೌಂಡು, ಸುಮಾರು 160 ಕಿಲೋ ಹೆಚ್ಚು. ಹಿಂದಿಟ್ಟರೆ ತೂಗಾಟ, ಮುಂದಿಟ್ಟರೆ ಅತಿಭಾರ. ಈ ಲೆಕ್ಕಕ್ಕೆ ಒಂದೇ ಉತ್ತರ: ಹೇರನ್ನೇ ಇಳಿಸಬೇಕು.

"ನಮ್ಮಲ್ಲಿ ಭಾರ ಹಂಚುವ ಹಿಚ್ ಇದೆಯಲ್ಲ?" ಎಂದು ಅಳಿಯಂದಿರು ಕೇಳಿದರು. ಇದು ಅನೇಕರು ತಪ್ಪು ತಿಳಿದಿರುವ ಸಂಗತಿ. ಮೂಕಿಯ ಭಾರ ಟ್ರಕ್ಕಿನ ತುದಿಯ ಮೇಲೆ ಬಿದ್ದಾಗ ಹಿಂಭಾಗ ಕುಸಿದು ಮುಂಚಕ್ರಗಳು ಹಗುರವಾಗುತ್ತವೆ. ಹಗುರವಾದ ಮುಂಚಕ್ರಗಳಿಗೆ ತಿರುಗಿಸುವ ಹಿಡಿತವೂ ಬ್ರೇಕಿನ ಹಿಡಿತವೂ ಕಡಿಮೆ. ಹಿಚ್ಚಿನ ಎರಡು ಉಕ್ಕಿನ ದಂಡಗಳು ಬಿಗಿದ ಬಿಲ್ಲಿನಂತೆ ಕೆಲಸ ಮಾಡಿ ಆ ಭಾರದ ಒಂದಂಶವನ್ನು ಮುಂಚಕ್ರಗಳಿಗೂ ಇನ್ನೊಂದಂಶವನ್ನು ಟ್ರೇಲರಿನ ಚಕ್ರಗಳಿಗೂ ಸಾಗಿಸುತ್ತವೆ. ಟ್ರೇಲರ್ ಕಟ್ಟುವ ಮೊದಲು ಟ್ರಕ್ಕಿನ ಮುಂಭಾಗದ ಎತ್ತರವನ್ನು ಅಳೆದಿಟ್ಟುಕೊಂಡು, ಕಟ್ಟಿದ ಬಳಿಕ ವಾಹನದ ಕೈಪಿಡಿ ಹೇಳಿದ ಮಟ್ಟಕ್ಕೆ ಅದು ಮರಳುವಂತೆ ದಂಡಗಳನ್ನು ಹೊಂದಿಸಬೇಕು. ಇದು ಅತ್ಯಾವಶ್ಯಕವಾದ ಸಾಧನವೇ. ಆದರೆ ಇದು ಭಾರವನ್ನು ಹಂಚುತ್ತದೆಯೇ ಹೊರತು ಚೀಟಿಯ ಮಿತಿಯನ್ನು ಏರಿಸುವುದಿಲ್ಲ. ಮನೆಯ ಸಾಲವನ್ನು ಅಣ್ಣತಮ್ಮಂದಿರಲ್ಲಿ ಹಂಚಿದ ಮಾತ್ರಕ್ಕೆ ಸಾಲ ತೀರಿದಂತಾಗುವುದೇ?

ಅಂದು ರಾತ್ರಿ ಮನೆಯಂಗಳದಲ್ಲಿ ಸಾಮಾನು ಇಳಿಸಿದೆವು. 40 ಗ್ಯಾಲನ್ ನೀರಿನ ತೊಟ್ಟಿಯನ್ನು ಖಾಲಿ ಮಾಡಿದ್ದರಿಂದಲೇ ಸುಮಾರು 330 ಪೌಂಡು ಇಳಿಯಿತು. ನೀರು ತಂಗುದಾಣದಲ್ಲೂ ಸಿಗುತ್ತದೆ. ಕಟ್ಟಿಗೆಯನ್ನು ಅಲ್ಲಿಯೇ ಕೊಳ್ಳುವುದೆಂದಾಯಿತು. ಜನರೇಟರ್, ಸೈಕಲ್ಲು, ಹೆಚ್ಚಿನ ಪಾತ್ರೆಗಳು ಮನೆಯಲ್ಲೇ ಉಳಿದವು. ಉಳಿದ ಭಾರವಾದ ವಸ್ತುಗಳನ್ನು ಅಚ್ಚುಗಳಿಗೆ ತುಸು ಮುಂದೆ, ನೆಲಮಟ್ಟದಲ್ಲಿ ಇಟ್ಟೆವು. ಮತ್ತೆ ತೂಗಿದಾಗ ಟ್ರೇಲರ್ 5,800 ಪೌಂಡು, ಮೂಕಿಯ ಭಾರ 725. ಟ್ರಕ್ಕಿನ ತೊಟ್ಟಿಯಲ್ಲಿ 60 ಮಾತ್ರ. ಆದರೂ ಮೊತ್ತ 1,585. ಇನ್ನೂ 85 ಪೌಂಡು ಹೆಚ್ಚು. ಅಳಿಯಂದಿರ ಮುಖ ಬಾಡಿತು. ಎಲ್ಲರೂ ಒಟ್ಟಿಗೆ ಕುಳಿತು ಹೋಗಬೇಕೆಂಬುದೇ ಅವರ ಆಸೆಯಾಗಿತ್ತು. ಆಗ ನನ್ನ ಪತ್ನಿಯೇ, "85 ಪೌಂಡಿಗಾಗಿ ಇಡೀ ಮನೆತನವನ್ನು ಪಣಕ್ಕೆ ಇಡುವುದು ಬೇಡ. ನಾನೂ ಮಗಳೂ ಸಣ್ಣ ಕಾರಿನಲ್ಲಿ ಹಿಂದೆ ಬರುತ್ತೇವೆ" ಎಂದಳು. ಇಬ್ಬರ 270 ಪೌಂಡು ಇಳಿದು ಮೊತ್ತ 1,315ಕ್ಕೆ ನಿಂತಿತು. 185 ಪೌಂಡು ಮಿಗುತಾಯವೂ ಉಳಿಯಿತು.

ಹೊರಡುವ ಮುನ್ನ ನೋಡತಕ್ಕ ಅಂಶಗಳು

ತೂಕದ ನಂತರ ಜೋಡಣೆ. ಟ್ರಕ್ಕಿನ ಹಿಂದಿನ ಉಕ್ಕಿನ ಗುಂಡಿನ ಮೇಲೆ ಟ್ರೇಲರಿನ ಮೂಕಿಯ ಬಟ್ಟಲು ಕೂರುತ್ತದೆ. ಗುಂಡಿನ ಅಳತೆಯೂ ಬಟ್ಟಲಿನ ಮೇಲೆ ಬರೆದ ಅಳತೆಯೂ ಒಂದೇ ಆಗಿರಬೇಕು. 2 ಅಂಗುಲದ ಗುಂಡು 2 5/16 ಅಂಗುಲದ ಬಟ್ಟಲಿನೊಳಗೆ ಕೂತಂತೆಯೇ ಕಾಣುತ್ತದೆ, ಆದರೆ ಮೊದಲ ಗುಂಡಿಯಲ್ಲೇ ಹಾರಿ ಹೊರಬರಬಹುದು. ಚಿಲಕ ಹಾಕಿದ ಬಳಿಕ ಮೂಕಿಯ ಜಾಕನ್ನು ತಿರುಗಿಸಿ ಟ್ರಕ್ಕಿನ ಹಿಂಭಾಗವನ್ನು ತುಸು ಎತ್ತಿ ನೋಡಬೇಕು. ಕಳಚದಿದ್ದರೆ ಕೂಡಿಕೆ ಗಟ್ಟಿ. ಎರಡು ರಕ್ಷಣಾ ಸರಪಳಿಗಳನ್ನು ಮೂಕಿಯ ಕೆಳಗೆ ಕತ್ತರಿಯಾಕಾರದಲ್ಲಿ ಅಡ್ಡ ಹಾಯಿಸಿ ಸಿಕ್ಕಿಸಬೇಕು. ಅಕಸ್ಮಾತ್ ಕೂಡಿಕೆ ಕಳಚಿದರೂ ಮೂಕಿ ನೆಲಕ್ಕೆ ನಾಟದೆ ಆ ತೊಟ್ಟಿಲಿನಲ್ಲಿ ನಿಲ್ಲುತ್ತದೆ. ಇವುಗಳಲ್ಲದೆ ಒಂದು ತೆಳ್ಳನೆಯ ತಂತಿಯಿರುತ್ತದೆ. ಟ್ರೇಲರ್ ಪೂರ್ತಿ ಬೇರ್ಪಟ್ಟರೆ ಈ ತಂತಿಯು ಸ್ವಿಚ್ಚನ್ನು ಎಳೆದು ಟ್ರೇಲರಿನ ಬ್ಯಾಟರಿಯಿಂದಲೇ ಅದರ ಬ್ರೇಕು ಹಿಡಿಯುವಂತೆ ಮಾಡುತ್ತದೆ. ಅದನ್ನು ಸರಪಳಿಗೆ ಕಟ್ಟದೆ ಟ್ರಕ್ಕಿನ ಚೌಕಟ್ಟಿಗೆ ಪ್ರತ್ಯೇಕವಾಗಿ ಕಟ್ಟಬೇಕು.

ಎಳೆಯುವುದಕ್ಕಿಂತ ನಿಲ್ಲಿಸುವುದು ಕಷ್ಟ. ಅನೇಕ ರಾಜ್ಯಗಳಲ್ಲಿ 3,000 ಪೌಂಡು ಮೀರಿದ ಟ್ರೇಲರಿಗೆ ಸ್ವಂತ ಬ್ರೇಕು ಕಡ್ಡಾಯ. ಇದು ವಿದ್ಯುತ್ತಿನಿಂದ ನಡೆಯುವ ಬ್ರೇಕು. ಅದನ್ನು ನಿಯಂತ್ರಿಸುವ ಸಾಧನ ಚಾಲಕನ ಕೈಗೆಟಕುವಲ್ಲಿ ಇರಬೇಕು. ಜನರಿಲ್ಲದ ಸಮತಟ್ಟಾದ ಒಣ ಜಾಗದಲ್ಲಿ 20-25 ಮೈಲಿ ವೇಗದಲ್ಲಿ ಸಾಗಿ ಕೈಸನ್ನೆಯನ್ನು ಒತ್ತಿದಾಗ ಟ್ರೇಲರ್ ಹಿಂದಿನಿಂದ ಬಲವಾಗಿ ಹಿಡಿದೆಳೆಯಬೇಕು, ಆದರೆ ಅದರ ಚಕ್ರಗಳು ಕಚ್ಚಿಕೊಂಡು ಜಾರಬಾರದು. ಆ ಮಟ್ಟಕ್ಕೆ ಹೊಂದಿಸಿಕೊಳ್ಳಬೇಕು. ಏಳು ಕಡ್ಡಿಗಳ ವಿದ್ಯುತ್ ಪ್ಲಗ್ಗನ್ನು ಸಿಕ್ಕಿಸಿ, ಒಬ್ಬರನ್ನು ಹಿಂದೆ ನಿಲ್ಲಿಸಿ, ಬ್ರೇಕಿನ ದೀಪವೂ ತಿರುವಿನ ದೀಪವೂ ಉರಿಯುವುದನ್ನು ಖಚಿತಪಡಿಸಿಕೊಳ್ಳಬೇಕು. ಟ್ರೇಲರಿನ ಅಗಲಕ್ಕೆ ತಕ್ಕಂತೆ ಹೊರಚಾಚಿದ ಕನ್ನಡಿಗಳು ಬೇಕು.

ಟೈರುಗಳ ವಿಷಯ. ತಂಪಾಗಿರುವಾಗಲೇ ಗಾಳಿಯ ಒತ್ತಡವನ್ನು ಟ್ರೇಲರಿನ ಫಲಕದಲ್ಲಿರುವಷ್ಟಕ್ಕೆ ತುಂಬಬೇಕು. ಟೈರಿನ ಬದಿಯಲ್ಲಿ ಅಚ್ಚಾದ ಕೊನೆಯ ನಾಲ್ಕು ಅಂಕಿಗಳು ಅದರ ಜನ್ಮಪತ್ರಿಕೆ. 3219 ಎಂದಿದ್ದರೆ 2019ರ 32ನೆಯ ವಾರದಲ್ಲಿ ತಯಾರಾದದ್ದು. ವರ್ಷವಿಡೀ ಬಿಸಿಲಿನಲ್ಲಿ ನಿಂತ ಟೈರು ಸವೆಯದಿದ್ದರೂ ಮುಪ್ಪಾಗಿರುತ್ತದೆ. ಟ್ರೇಲರಿಗಾಗಿಯೇ ಮಾಡಿದ ಅನೇಕ ಟೈರುಗಳು ಗಂಟೆಗೆ 65 ಮೈಲಿಗಿಂತ ಹೆಚ್ಚಿನ ವೇಗಕ್ಕೆ ತಕ್ಕವಲ್ಲ. ಕ್ಯಾಲಿಫೋರ್ನಿಯಾದಲ್ಲಂತೂ ಟ್ರೇಲರ್ ಎಳೆಯುವವರಿಗೆ 55 ಮೈಲಿಯೇ ಕಾನೂನಿನ ಮಿತಿ. ಮೊದಲ 50 ಮೈಲಿ ಸಾಗಿದ ಮೇಲೆ ನಿಂತು ಚಕ್ರಗಳ ನಟ್ಟುಗಳನ್ನು ಮತ್ತೊಮ್ಮೆ ಬಿಗಿಮಾಡಿ ನೋಡುವುದು ಒಳ್ಳೆಯದು.

ಮೊಮ್ಮಗನು, "ಅಜ್ಜಾ, ನಾನು ಹಿಂದಿನ ಗಾಡಿಯಲ್ಲಿ ಮಲಗಿಕೊಂಡು ಬರುತ್ತೇನೆ" ಎಂದು ಹಟ ಹಿಡಿದನು. ಓಡುವ ಟ್ರೇಲರಿನಲ್ಲಿ ಯಾರೂ ಇರಕೂಡದು. ಅನೇಕ ರಾಜ್ಯಗಳಲ್ಲಿ ಅದು ನಿಷಿದ್ಧ. ಕಾನೂನು ಅವಕಾಶ ಕೊಟ್ಟರೂ ನಾವು ಕೊಡಬಾರದು. ಅವನನ್ನು ನನ್ನ ಪಕ್ಕದಲ್ಲಿ ಬೆಲ್ಟ್ ಕಟ್ಟಿ ಕೂರಿಸಿಕೊಂಡೆ.

ಏರು ಮತ್ತು ಇಳಿಜಾರು

ಡೆನ್ವರ್‌ನಿಂದ ಪಶ್ಚಿಮಕ್ಕೆ ಹೋಗುವ ಹೆದ್ದಾರಿ ಐಸೆನ್‌ಹೋವರ್ ಸುರಂಗದ ಬಳಿ 11,000 ಅಡಿಗಿಂತ ಎತ್ತರಕ್ಕೇರುತ್ತದೆ. ನಮ್ಮ ಮುಳ್ಳಯ್ಯನಗಿರಿಯ ಶಿಖರವೇ 6,330 ಅಡಿ ಎಂಬುದನ್ನು ನೆನೆದರೆ ಆ ಎತ್ತರದ ಕಲ್ಪನೆ ಬಂದೀತು. ಗಾಳಿ ತೆಳುವಾದಂತೆ, ಟರ್ಬೋ ಇಲ್ಲದ ಪೆಟ್ರೋಲ್ ಎಂಜಿನ್ ಪ್ರತಿ 1,000 ಅಡಿಗೆ ಸುಮಾರು ನೂರಕ್ಕೆ ಮೂರರಷ್ಟು ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಅಲ್ಲಿಗೆ ಮುಟ್ಟುವಾಗ ಸುಮಾರು ಮೂರರಲ್ಲೊಂದು ಪಾಲು ಬಲ ಉಡುಗಿರುತ್ತದೆ. ನಾವು ಲಾರಿಗಳೊಂದಿಗೆ ಬಲದ ಸಾಲಿನಲ್ಲಿ ನಿಧಾನವಾಗಿ ಏರಿದೆವು.

ಸುರಂಗದಾಚೆ ಕಡಿದಾದ ಇಳಿಜಾರು. ಬ್ರೇಕು ಸೋತ ಲಾರಿಗಳು ನುಗ್ಗಿ ನಿಲ್ಲಲೆಂದು ರಸ್ತೆಯ ಬದಿಯಲ್ಲಿ ಜಲ್ಲಿ ತುಂಬಿದ ಏರುದಾರಿಗಳನ್ನು ಕಟ್ಟಿದ್ದಾರೆ. ಅವನ್ನು ಕಂಡರೆ ಆ ಇಳಿಜಾರಿನ ಗುಣ ತಿಳಿಯುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕೆಂದು ನಮ್ಮ ಘಟ್ಟದ ಚಾಲಕರು ಹೇಳುವ ಮಾತು ಅಲ್ಲಿಯೂ ಸತ್ಯ. ಇಳಿಜಾರು ಆರಂಭವಾಗುವ ಮೊದಲೇ ಕೆಳಗಿನ ಗೇರಿಗೆ ಬಂದು ಎಂಜಿನ್ನಿನಿಂದಲೇ ವೇಗವನ್ನು ತಡೆಯಬೇಕು. ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿದರೆ ಕಾದು ಕೈಕೊಡುತ್ತದೆ. ಒಮ್ಮೆ ಗಟ್ಟಿಯಾಗಿ ತುಳಿದು ವೇಗ ಇಳಿಸಿ, ಬಿಟ್ಟು, ತಣಿಯಲು ಸಮಯ ಕೊಟ್ಟು ಮತ್ತೆ ತುಳಿಯಬೇಕು. ಅಲ್ಲಿಯೂ ಒಂದು ದೊಡ್ಡ ಲಾರಿ ನಮ್ಮನ್ನು ದಾಟಿ ಹೋಯಿತು. ಅಳಿಯಂದಿರ ಕೈ ಸ್ಟಿಯರಿಂಗಿನ ಮೇಲೆ ಬಿಗಿಯಾದುದನ್ನು ಕಂಡೆ. ನಮ್ಮ ಟ್ರೇಲರ್ ಒಮ್ಮೆ ಸಣ್ಣಗೆ ಅಲುಗಿ ನೆಟ್ಟಗಾಯಿತು, ಅಷ್ಟೇ. ಹಿಂದಿನ ಸಣ್ಣ ಕಾರಿನಿಂದ ಮಗಳು ಎರಡು ಸಲ ದೀಪ ಮಿನುಗಿಸಿ ಎಲ್ಲವೂ ಸರಿಯಾಗಿದೆಯೆಂದು ತಿಳಿಸಿದಳು.

ಮರುವರ್ಷ ಅಳಿಯಂದಿರು ಆ ಟ್ರೇಲರನ್ನು ಮಾರಿ ಚಿಕ್ಕದೊಂದನ್ನು ಕೊಂಡರು. ಹೇರಿದಾಗ ಅದರ ತೂಕ 4,200 ಪೌಂಡು, ಮೂಕಿಯ ಭಾರ 525. ಈಗ ಐವರೂ ಒಂದೇ ಟ್ರಕ್ಕಿನಲ್ಲಿ ಕುಳಿತರೂ ಮೊತ್ತ 1,385. "ಮಾವನವರೇ, ಮೊದಲು ಬಾಗಿಲ ಚೀಟಿ ಓದಿ, ಆಮೇಲೆ ಗಾಡಿ ನೋಡಲು ಹೋದೆ" ಎಂದು ದೂರವಾಣಿಯಲ್ಲಿ ಹೇಳಿದರು. ಆ ಮಾತಿನಿಂದ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಬಂಧುಗಳೇ, ಮಕ್ಕಳು ಪರದೇಶದಲ್ಲಿರುವ ತಾಯಿತಂದೆಗಳು ಈ ಪುಟವನ್ನು ಅವರಿಗೆ ಓದಿ ಹೇಳಿರಿ. ಇಲ್ಲಿರುವವರಿಗೂ ಇದರಲ್ಲಿ ಪಾಲುಂಟು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರು ಕಟ್ಟಿಕೊಂಡು, ಹಿಂದೆ ದೀಪವಿಲ್ಲದೆ, ಏರಿನಲ್ಲಿ ಮುಂಚಕ್ರ ನೆಲ ಬಿಡುವಂತೆ ಸಾಗುವ ಟ್ರ್ಯಾಕ್ಟರುಗಳನ್ನು ನಾವೆಲ್ಲ ಕಂಡಿದ್ದೇವೆ. ಜಾತ್ರೆಗೆಂದು ಅದೇ ಟ್ರೇಲರಿನಲ್ಲಿ ಹೆಂಗಸರು ಮಕ್ಕಳನ್ನು ತುಂಬಿಕೊಂಡು ಹೋಗುವವರೂ ನಮ್ಮ ಮನೆಯವರೇ. ಎಂಜಿನ್ನು ಎಳೆಯುತ್ತದೆ ಎಂಬುದೊಂದೇ ಅಲ್ಲಿಯೂ ಧೈರ್ಯ. ಎಳೆದದ್ದನ್ನು ಹೊರಬಲ್ಲುದೇ, ಬೇಕೆಂದಾಗ ನಿಲ್ಲಿಸಬಲ್ಲುದೇ ಎಂದು ಹೊರಡುವ ಮುನ್ನ ಕೇಳಿಕೊಳ್ಳಬೇಕು. ನಮ್ಮ ತಂದೆಯವರು ಎತ್ತು ಹೂಡುವ ಮೊದಲು ಮೂಕಿಯನ್ನು ಕೈಯಿಂದ ಎತ್ತಿ ನೋಡುತ್ತಿದ್ದುದು ಅದಕ್ಕಾಗಿಯೇ.

ಎಲ್ಲರ ಪ್ರಯಾಣವೂ ಸುಖಕರವಾಗಲಿ.